ಮಾವನ ಮದ್ದೂರು ನಿಲಯ

ನಮ್ಮ ಮಾವನ ಮನೆಯಲ್ಲಿ ಹದಿನೇಳು ರೇಡಿಯೊಗಳಿದ್ದವು. ಆದರೆ ವಾರ್ತೆ ಕೇಳಬೇಕಾದರೆ ಪಕ್ಕದ ಮನೆಗೆ ಹೋಗಬೇಕಿತ್ತು!

ಮಾವ ಎಂದರೆ ನನ್ನ ಸೋದರತ್ತೆಯ ಗಂಡ. ಮದ್ದೂರಿನಲ್ಲಿ ಮೇಷ್ಟ್ರಾಗಿದ್ದು ನಿವೃತ್ತರಾದವರು. ಎಪ್ಪತ್ತರ ದಶಕದಲ್ಲಿ ನಾನು ಅವರ ಮನೆಯಲ್ಲಿದ್ದುಕೊಂಡು ಮಂಡ್ಯದ ಕಾಲೇಜಿಗೆ ಓಡಾಡುತ್ತಿದ್ದೆ. ಆಗ ಊರಿಗೆ ಊರೇ ಕಂಕುಳಲ್ಲಿ ಹಿಡಿಯುವ ಟ್ರಾನ್ಸಿಸ್ಟರಿಗೆ ಮರುಳಾಗಿ, ಹಳೆಯ ವಾಲ್ವ್ ರೇಡಿಯೊಗಳನ್ನು ಅಟ್ಟಕ್ಕೆ ಹಾಕುತ್ತಿತ್ತು. ಮಾವ ಅವನ್ನು ಅಟ್ಟದಿಂದ ಇಳಿಸಿಕೊಂಡು ಮನೆಗೆ ತರುತ್ತಿದ್ದರು. ಜೊತೆಗೆ ಹಿಡಿ ತಿರುಗಿಸಿದರೆ ಲೆಕ್ಕ ಮಾಡುವ ಒಂದು ಕಬ್ಬಿಣದ ಯಂತ್ರವೂ ಇತ್ತು. ಎರಡಕ್ಕೆ ಎರಡು ಕೂಡಿಸಿದರೆ ಅದು ಐದು ತೋರಿಸುತ್ತಿತ್ತು. ಮಾವ ಅದರಲ್ಲಿ ಒಂದನ್ನು ಬಾಯಲ್ಲೇ ಕಳೆದು, "ನೋಡು, ಎಷ್ಟು ಸರಿಯಾಗಿ ಹೇಳ್ತು!" ಎಂದು ಯಂತ್ರದ ಬೆನ್ನು ತಟ್ಟುತ್ತಿದ್ದರು.

ಆ ಮನೆಯಲ್ಲಿ 'ಕೆಟ್ಟಿದೆ' ಎಂಬ ಮಾತನ್ನು ಆಡುವಂತಿರಲಿಲ್ಲ. ಬಾಯಿತಪ್ಪಿ ಆಡಿದರೆ ಮಾವನ ಮುಖ ಸಣ್ಣದಾಗುತ್ತಿತ್ತು.

"ಕೆಟ್ಟಿಲ್ಲ ಕಣಮ್ಮಿ. ಸುಮ್ಕದೆ ಅಷ್ಟೇಯ."

ಹದಿನೇಳೂ ಸುಮ್ಮನಿದ್ದವು. ಯಾಕೆ ಎಂದು ಕೇಳಿದರೆ ಕಾರಣ ಸಿದ್ಧವಾಗಿರುತ್ತಿತ್ತು. ಕೆರಗೋಡಿನ ಕಡೆಯ ಆಲೆಮನೆಗಳಲ್ಲಿ ಕಬ್ಬು ಅರೆಯುತ್ತಿದ್ದಾರೆ, ಕರೆಂಟೆಲ್ಲ ಅಲ್ಲಿಗೇ ಹೋಗುತ್ತಿದೆ! ಆಲೆಮನೆ ನಿಂತ ತಿಂಗಳಲ್ಲಿ ತಪ್ಪು ಅತ್ತೆಯದಾಗುತ್ತಿತ್ತು. ಎರಡು ತೆಂಗಿನಮರಗಳ ನಡುವೆ ಮಾವ ರೇಡಿಯೊದ ಏರಿಯಲ್‌ಗೆಂದು ಕಟ್ಟಿದ ತಾಮ್ರದ ತಂತಿಯ ಮೇಲೆ ಅತ್ತೆ ಸೀರೆ ಒಣಹಾಕುತ್ತಿದ್ದರು. ಬರುವ ಅಲೆಗಳನ್ನೆಲ್ಲ ಒದ್ದೆ ಸೀರೆ ಹೀರಿಕೊಂಡುಬಿಟ್ಟರೆ ರೇಡಿಯೊ ಪಾಪ ಏನು ಮಾಡೀತು?

ಹದಿನೇಳನೆಯದು ಬಂದ ದಿನ ನಾನೂ ಜೊತೆಗಿದ್ದೆ. ಮಳವಳ್ಳಿಯ ಗುಜರಿ ಅಂಗಡಿಯ ಮಸ್ತಾನ್ ಸಾಬರು, "ಮೇಷ್ಟ್ರೇ, ಇದು ಅಂತಿಂತಾದ್ದಲ್ಲ, ದೊಡ್ಡ ಮನೆತನದ್ದು" ಎಂದು ಹೇಳಿ ಕಳಿಸಿದ್ದರು. ಟ್ರಂಕಿನಷ್ಟು ದೊಡ್ಡ ತೇಗದ ಪೆಟ್ಟಿಗೆ. ಬಸ್ಸಿನ ಮೇಲೆ ಹಾಕಿ ಎಂದರೆ ಮಾವ ಕೇಳಬೇಕಲ್ಲ! ಅದನ್ನು ಕಿಟಕಿ ಪಕ್ಕ ಕೂರಿಸಿ, ತಾವು ಕಂಬಿ ಹಿಡಿದು ನಿಂತರು.

ಕಂಡಕ್ಟರ್ ಬಂದ. "ಏನ್ ಮೇಷ್ಟ್ರೇ, ಪೆಟ್ಗೆಗೂ ಟಿಕೇಟ್ ತಕತೀರಾ?" ಎಂದು ನಕ್ಕ.

"ಕೊಡಪ್ಪ."

"ಅರ್ಧ ಕೊಡ್ಲಾ?"

ಮಾವ ಗಂಭೀರವಾಗಿ ಪೆಟ್ಟಿಗೆಯ ಹಿಂಬದಿಯ ಚೀಟಿ ಓದಿದರು. "ಇದಕ್ಕೆ ಮೂವತ್ತು ವರ್ಸ ದಾಟದೆ ಕಣಪ್ಪ. ಸುಳ್ಳೇಳಬಾರದು. ಪೂರ್ತೀನೇ ಕೊಡು."

ಮನೆಯಲ್ಲಿ ಅತ್ತೆ ಬಾಗಿಲಿಗೆ ಅಡ್ಡ ನಿಂತಿದ್ದರು. ನಡುಮನೆಯಲ್ಲಿ ರಾಗಿಮೂಟೆ ಇಡಲು ಜಾಗವಿಲ್ಲ, ನೆಂಟರು ಬಂದರೆ ಮಲಗಿಸಲು ಜಾಗವಿಲ್ಲ. ಇಷ್ಟು ವರ್ಷ ಸಹಿಸಿದ್ದರು, ಆ ದಿನ ಕಡ್ಡಿ ಮುರಿದಂತೆ ಹೇಳಿಬಿಟ್ಟರು.

"ನೋಡಿ, ಬರೋ ಯುಗಾದಿ ಒಳ್ಗೆ ಒಂದಾದ್ರೂ ಬಾಯ್ ಬುಡಬೇಕು. ಇಲ್ದಿದ್ರೆ ಅಷ್ಟೂ ಮಸ್ತಾನ್ ಸಾಬ್ರ ಅಂಗ್ಡಿಗೆ ವಾಪಸ್ಸು!"

ಮಾವ ಬೆವರಿದರು. ಅತ್ತೆ ಒಂದು ಮಾತು ಆಡಿದರೆ ಆಡಿದಂತೆಯೇ. ಆ ದಿನದಿಂದ ಅವರು ಉಳಿದ ಹದಿನಾರನ್ನೂ ಬಿಟ್ಟು ತೇಗದ ಪೆಟ್ಟಿಗೆಯ ಸೇವೆಗೆ ನಿಂತರು. ವಾಲ್ವ್ ಬದಲಾಯಿಸಿದರು, ವೈರು ಬೆಸೆದರು. ದೀಪ ಹತ್ತಿತು, ಮುಳ್ಳು ಓಡಾಡಿತು. ದನಿ ಮಾತ್ರ ಹೊರಡಲಿಲ್ಲ. ಆಗ ಅವರಿಗೆ ಹೊಳೆದದ್ದೇ ಆ ಮಹಾ ಉಪಾಯ. ಬಹಳ ಕಾಲ ಮಾತಾಡದೆ ಇದ್ದರೆ ಪೆಟ್ಟಿಗೆಗೆ ಮಾತಿನ ರೂಢಿ ತಪ್ಪುತ್ತದಂತೆ. ಮೊದಲು ನಾವೇ ಅದರೊಳಗೆ ಮಾತು ಕೇಳಿಸಬೇಕಂತೆ!

ದಿನಾ ಮಧ್ಯಾಹ್ನ ಎರಡು ಗಂಟೆಗೆ ಮಾವ ಪೆಟ್ಟಿಗೆಯ ಹಿಂದಿನ ಹಲಗೆ ಬಿಚ್ಚಿ, ಅದರೊಳಗೆ ತಲೆ ತೂರಿಸಿ ಶುರು ಮಾಡುತ್ತಿದ್ದರು.

"ಮದ್ದೂರು ನಿಲಯ. ವಾರ್ತೆಗಳು. ಇಂದು ಬೆಳಿಗ್ಗೆ ವೈದ್ಯನಾಥಪುರದ ದೇವಸ್ಥಾನಕ್ಕೆ ಹೋಗಿದ್ದ ನಮ್ಮ ಮನೆಯವರು ಒಂದೇ ಚಪ್ಪಲಿಯೊಂದಿಗೆ ಮರಳಿದ್ದಾರೆ. ಮಧ್ಯಾಹ್ನದ ಸಾರಿಗೆ ಉಪ್ಪು ಕಡಿಮೆ ಬಿದ್ದಿದೆ ಎಂದು ತಿಳಿದುಬಂದಿದೆ. ಹವಾಮಾನ: ಅಡುಗೆಮನೆಯ ಕಡೆಯಿಂದ ಬಿರುಗಾಳಿ ಬೀಸುವ ಸಂಭವವಿದೆ."

"ಬೀಸ್ತದೆ, ಬೀಸ್ತದೆ! ಸೌಟು ತಕಬತ್ತೀನಿ ತಡೀರಿ!" ಎಂದು ಅತ್ತೆ ಒಳಗಿನಿಂದಲೇ ಕೂಗುತ್ತಿದ್ದರು.

ನಾನು ಮುಂದೆ ಕೂತು ದನಿಯ ಗುಂಡಿ ತಿರುಗಿಸುತ್ತಿದ್ದೆ. ಬಲಕ್ಕೆ ತಿರುಗಿಸಿದರೆ ಮಾವ ಗಂಟಲು ಏರಿಸಬೇಕು, ಎಡಕ್ಕೆ ತಿರುಗಿಸಿದರೆ ಇಳಿಸಬೇಕು. ಅದೊಂದು ಕೆಲಸ ಆ ರೇಡಿಯೊದಲ್ಲಿ ಕರಾರುವಾಕ್ಕಾಗಿ ನಡೆಯುತ್ತಿತ್ತು.

ಯುಗಾದಿಗೆ ಮೂರು ದಿನ ಇದೆ ಎನ್ನುವಾಗ ರೇಡಿಯೊ ಲೈಸೆನ್ಸಿನ ಇನ್ಸ್‌ಪೆಕ್ಟರು ಬಂದರು. ಆಗೆಲ್ಲ ಮನೆಯಲ್ಲಿ ರೇಡಿಯೊ ಇದ್ದರೆ ಅಂಚೆ ಕಚೇರಿಯಿಂದ ಲೈಸೆನ್ಸು ಪಡೆಯಬೇಕಿತ್ತು. ತಂತಿ ನೋಡಿಕೊಂಡೇ ಒಳಗೆ ಬಂದವರು, ನಡುಮನೆ ನೋಡಿ ಹಾಗೇ ನಿಂತುಬಿಟ್ಟರು.

"ಹದಿನೇಳಾ! ಲೈಸೆನ್ಸು ಎಷ್ಟಕ್ಕಿದೆ?"

"ಒಂದಕ್ಕೂ ಇಲ್ಲ" ಎಂದರು ಮಾವ.

ಇನ್ಸ್‌ಪೆಕ್ಟರು ಒಳ್ಳೆಯವರು. ಒಂದೊಂದನ್ನೂ ಹಾಕಿಸಿ ನೋಡಿದರು. ಕೊನೆಗೆ ತೇಗದ ಪೆಟ್ಟಿಗೆಯ ದೀಪ ಹತ್ತಿತು. ಅವರೇ ಗುಂಡಿಯನ್ನು ಬಲಕ್ಕೆ, ಇನ್ನೂ ಬಲಕ್ಕೆ ತಿರುಗಿಸಿದರು. ದನಿ ಎಲ್ಲಿಂದ ಬರಬೇಕು? ದನಿ ಅವರ ಪಕ್ಕದಲ್ಲೇ ಕೈಕಟ್ಟಿ ನಿಂತಿತ್ತಲ್ಲ!

"ನಿಮ್ಮ ಪುಣ್ಯ ಮೇಷ್ಟ್ರೇ. ಎಲ್ಲಾ ಕೆಟ್ಟಿವೆ, ದುರಸ್ತಿಯಾಗೋಲ್ಲ ಅಂತ ಬರೀತೀನಿ. ಒಂದು ಸಹಿ ಹಾಕಿ, ಲೈಸೆನ್ಸಿನ ತಾಪತ್ರಯವೇ ಇಲ್ಲ."

ಯಾರಾದರೂ ಕುಣಿದು ಸಹಿ ಹಾಕುತ್ತಿದ್ದರು. ಮಾವ ಪೆನ್ನು ಹಿಡಿದರು, ಕೈ ಮುಂದಕ್ಕೆ ಹೋಗಲಿಲ್ಲ. "ಹಂಗ್ ಬರೀಬೇಡಿ ಸ್ವಾಮಿ. ಇದೊಂದರಲ್ಲಾದ್ರೂ ಜೀವ ಅದೆ" ಎಂದರು. ಅವರ ಕಣ್ಣು ತುಂಬಿತ್ತು. ಅಷ್ಟು ದಿನ ನಗುತ್ತಿದ್ದ ನನಗೆ ಆ ಹೊತ್ತು ನಾಚಿಕೆಯಾಯಿತು.

ಅತ್ತೆ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದರು. ಸರಿ, ಯುಗಾದಿಯವರೆಗೂ ಕಾಯುವ ಅಗತ್ಯವೇ ಇಲ್ಲ, ಗುಜರಿಗೆ ದಾರಿ ಇವತ್ತೇ ಎಂದುಕೊಂಡೆ.

"ಅದು ಮಾತಾಡ್ತದೆ ಕಣ್ ಸ್ವಾಮಿ" ಎಂದರು ಅತ್ತೆ. "ದಿನಾ ಮಧ್ಯಾನ ಎಲ್ಡು ಗಂಟ್ಗೆ ನಾನೇ ಕೇಳ್ತೀನಿ. ಈಗ ಬರೋ ಕರೆಂಟು ದೀಪಕ್ಕಷ್ಟೇ ಸಾಕಾಯ್ತದೆ. ಕೆರಗೋಡ್ ಕಡೆ ಆಲೆಮನೆಯೋರು ಎಲ್ಲಾನೂ ಎಳ್ಕೊಂಡ್ಬುಟ್ಟವ್ರೆ."

"ಮಾತಾಡಿದರೆ ಲೈಸೆನ್ಸ್ ಮಾಡಿಸಬೇಕಾಗುತ್ತಮ್ಮ."

"ಮಾಡಿಸ್ತೀನಿ. ನನ್ನೆಸ್ರಿಗೇ ಬರ್ಕೊಳಿ."

ಹೀಗೆ, ಇಡೀ ಮಂಡ್ಯ ಜಿಲ್ಲೆಯಲ್ಲಿ ಮಾತೇ ಆಡದ ರೇಡಿಯೊಗೆ ಲೈಸೆನ್ಸು ಪಡೆದ ಏಕೈಕ ಮಹಿಳೆ ನಮ್ಮತ್ತೆ! "ಏನತ್ತೆ, ಅಷ್ಟು ದೊಡ್ಡ ಸುಳ್ಳು ಹೇಳಿಬಿಟ್ಟಿರಲ್ಲ" ಎಂದೆ.

"ಸುಳ್ಳೇನ್ ಬಂತು? ದಿನಾ ಕೇಳ್ತಾ ಇಲ್ವಾ, ಬ್ಯಾಡ ಅಂದ್ರೂ!" ಎಂದು ಗದರಿ ಒಳಗೆ ಹೋದರು. ಯುಗಾದಿ ಬಂತು, ಹೋಯಿತು. ಗುಜರಿಯ ಸುದ್ದಿಯನ್ನು ಯಾರೂ ಎತ್ತಲಿಲ್ಲ. ಮದ್ದೂರು ನಿಲಯ ಮಾತ್ರ ಲೈಸೆನ್ಸಿನ ಬಲದ ಮೇಲೆ ಇನ್ನೂ ಜೋರಾಗಿ ನಡೆಯಿತು.

ಎರಡು ವರ್ಷವಾದ ಮೇಲೆ ಮಾವನಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು, ಮಾತು ನಿಂತಿತು. ಮಂಡ್ಯದ ಡಾಕ್ಟರು ನೋಡಿ, "ಇನ್ನು ಮಾತು ಬರೋದು ಕಷ್ಟ" ಎಂದರು.

"ಏನೂ ಕೆಟ್ಟಿಲ್ಲ ಡಾಕ್ಟ್ರೇ. ಸುಮ್ಕವ್ರೆ ಅಷ್ಟೇಯ" ಎಂದರು ಅತ್ತೆ.

ಮಾರನೆಯ ದಿನ ಅವರು ತೇಗದ ಪೆಟ್ಟಿಗೆಯನ್ನು ನನ್ನ ಕೈಯಲ್ಲಿ ಹಿಡಿಸಿ ಮಾವನ ಮಂಚದ ಪಕ್ಕಕ್ಕೆ ತರಿಸಿದರು. ಯಾಕೆಂದು ನನಗೆ ತಿಳಿಯಲಿಲ್ಲ. ಗಡಿಯಾರ ಎರಡು ಹೊಡೆಯಿತು. ಅತ್ತೆ ಪೆಟ್ಟಿಗೆಯ ಹಿಂದೆ ಹೋಗಿ ಚಕ್ಕಳಮಕ್ಕಳ ಹಾಕಿ ಕೂತರು. ಹಲಗೆ ಬಿಚ್ಚಿ, ಸೆರಗು ಸರಿಮಾಡಿಕೊಂಡು, ತಲೆ ಒಳಗೆ ತೂರಿಸಿದರು.

"ಮದ್ದೂರ್ ನಿಲ್ಯ" ಎಂದಿತು ಒಳಗಿನಿಂದ ಒಂದು ಅಳುಕಿನ ದನಿ. "ವಾರ್ತೆ. ಇವತ್ತು ಸಾರ್ಗೆ ಉಪ್ಪು ಸರಿಯಾಗದೆ. ಮಸ್ತಾನ್ ಸಾಬ್ರು ನಾಳೆ ನೋಡಕ್ ಬತ್ತಾರಂತೆ. ಮಳೆಗಿಳೆ ಏನಿಲ್ಲ..."

ಮುಂದೆ ಹೇಳಲು ಅವರಿಗೆ ಆಗಲಿಲ್ಲ. ಪೆಟ್ಟಿಗೆ ಸುಮ್ಮನಾಯಿತು.

ಮಾವ ಬಹಳ ಹೊತ್ತು ಅದನ್ನೇ ನೋಡುತ್ತಿದ್ದರು. ಆಮೇಲೆ ಎಡಗೈಯನ್ನು ನಿಧಾನವಾಗಿ ಚಾಚಿ, ದನಿಯ ಗುಂಡಿಯನ್ನು ಹುಡುಕಿ, ಬಲಕ್ಕೆ ತಿರುಗಿಸಿದರು. ಟಿಕ್ ಎಂದಿತು. ಒಳಗಿನಿಂದ ಅತ್ತೆ ಮೂಗು ಸೀಟಿದ್ದು ಕೇಳಿಸಿತು. ಆಮೇಲೆ ಅವರು ದನಿ ಏರಿಸಿ ವಾರ್ತೆ ಮುಂದುವರಿಸಿದರು.