ವಾಸಂತಿಯ ಪ್ರಿಯಕರ ಯಾರಾಗಬೇಕು?

ಇಪ್ಪತ್ಮೂರನೆಯ ವಯಸ್ಸಿನಲ್ಲಿ ಕಾದಂಬರಿ ಬರೆಯಲು ಕುಳಿತವನಿಗೆ ಸರಳವಾದ ಪ್ರೇಮ ಸಾಲುವುದಿಲ್ಲ. ಹುಡುಗ ಹುಡುಗಿಯನ್ನು ಮೆಚ್ಚಿದ, ಹಿರಿಯರು ಒಪ್ಪಿದರು, ಅಕ್ಕಿಕಾಳು ಬಿತ್ತು ಎಂದರೆ ಅದರಲ್ಲಿ ಸಾಹಿತ್ಯ ಎಲ್ಲಿ ಬಂತು? ನಾಯಕಿಗೆ ಮದುವೆಯಾಗಿರಬೇಕು, ನಾಯಕ ಅವಳ ಗಂಡನಾಗಿರಬಾರದು, ಕೊನೆಗೆ ಇಬ್ಬರೂ ಸಾಯಬೇಕು. ನಾನು ಇದನ್ನೆಲ್ಲ ಚಾಚೂ ತಪ್ಪದೆ ಪಾಲಿಸಿದ್ದೆ. ಬೈಲಹೊಂಗಲದ ಹತ್ತಿ ವ್ಯಾಪಾರಿಯ ಹೆಂಡತಿ ವಾಸಂತಿ, ಅವಳಿಗೆ ಸಂಗೀತ ಕಲಿಸಲು ಬಂದ ಮಾಧವ, ಪುಟ ಪುಟಕ್ಕೂ ನಿಟ್ಟುಸಿರು, ಕಡೆಗೆ ಮನೋಳಿಯ ಹತ್ತಿರ ಇಬ್ಬರೂ ಕೈಕೈ ಹಿಡಿದು ಮಲಪ್ರಭೆಗೆ. ಬರೆಯುವಾಗ ನನಗಿದ್ದ ಅನುಭವವೇನು ಎಂದು ಮಾತ್ರ ಕೇಳಬೇಡಿ. ಮನೆಯವರನ್ನು ಬಿಟ್ಟರೆ ಬೇರೆ ಹೆಣ್ಣುಮಗಳೊಡನೆ ಅಲ್ಲಿಯವರೆಗೆ ನಾನು ಆಡಿದ ಅತಿ ದೀರ್ಘ ಮಾತೆಂದರೆ, "ಮುರಗೋಡ ಬಸ್ಸು ಹೋತೇನ್ರಿ?" ಎಂಬುದು. ಆಕೆ ಉತ್ತರ ಕೊಟ್ಟಿರಲಿಲ್ಲ.

ಪುಸ್ತಕ ಅಚ್ಚಾಯಿತು, ಮತ್ತು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ನಾನು ಹೈಸ್ಕೂಲ್ ಮಾಸ್ತರನಾದೆ, ಮದುವೆಯಾದೆ, ಮಗಳನ್ನು ಸವದತ್ತಿಗೆ ಕೊಟ್ಟೆ, ತಲೆಕೂದಲು ಕಳೆದುಕೊಂಡೆ. ನನ್ನ ಹೆಂಡತಿ ಗಿರಿಜಾ ಆ ಕಾದಂಬರಿಯ ಬಗ್ಗೆ ಇಷ್ಟು ವರ್ಷಗಳಲ್ಲಿ ಆಡಿದ್ದು ಒಂದೇ ಮಾತು. "ಪುಣ್ಯಾಕ ಅದನ್ನ ಯಾರೂ ಓದಲಿಲ್ಲ. ಓದಿದ್ರ ನಮ್ಮಪ್ಪ ನಿಮಗ ಹೆಣ್ಣ ಕೊಡತಿದ್ನೇನು?"

ಹೀಗಿರುವಾಗ ಕಳೆದ ತಿಂಗಳು ದೊಡವಾಡದಿಂದ ಫೋನು ಬಂತು. ಹವ್ಯಾಸಿ ನಾಟಕ ಮಂಡಳಿಗೆ ಹಾರ್ಮೋನಿಯಂ ನುಡಿಸಿ ತಾಲೀಮು ಕೊಡುವ ಪೇಟಿ ಮಾಸ್ತರರು ಮಾತನಾಡುತ್ತಿದ್ದರು. "ಸರ, ಹಳೇ ಪುಸ್ತಕದ ಅಂಗಡ್ಯಾಗ ನಿಮ್ಮ ಕಾದಂಬರಿ ಸಿಕ್ತು. ಓದಿ ನನ್ನ ಕಣ್ಣಾಗ ನೀರ ಬಂತ್ರಿ. ಈ ವರ್ಷ ಅದನ್ನ ನಾಟಕ ಮಾಡೋಣು ಅಂತ." ಅಯ್ಯೋ, ನನಗಾದ ಸಂತೋಷವನ್ನು ಹೇಗೆ ಹೇಳಲಿ! ಫೋನು ಕೆಳಗಿಡುವುದನ್ನೇ ಮರೆತು ಅಂಗಳದಲ್ಲಿ ಸುತ್ತಿದೆ. ಎದುರು ಮನೆಯವರಿಗೆ ಹೇಳಿದೆ. ಹಾಲು ಹಾಕಲು ಬಂದವನಿಗೂ ಹೇಳಿದೆ, ಆತ "ಹೌದ್ರಿ? ನಾಳಿಗೆ ಒಂದ್ ಲೀಟರ್ ಜಾಸ್ತಿ ಬೇಕೇನ್ರಿ?" ಎಂದ. ಮರುದಿನವೇ ಹೊಸ ಅಂಗಿ ತೊಟ್ಟು ದೊಡವಾಡದ ಬಸ್ಸು ಹತ್ತಿದೆ.

ತಾಲೀಮು ನಡೆಯುತ್ತಿದ್ದುದು ಸೊಸೈಟಿಯ ಖಾಲಿ ಗೋದಾಮಿನಲ್ಲಿ. ನಮ್ಮ ಕಡೆ ಹಳ್ಳಿಯ ನಾಟಕವೆಂದರೆ ಪಾತ್ರಧಾರಿಗಳೆಲ್ಲ ಊರವರೇ, ನಾಯಕಿ ಮಾತ್ರ ಹೊರಗಿನಿಂದ ಬಂದ ಕಲಾವಿದೆ. ನೋಡುವವರೂ ಊರವರೇ, ಮೇಲೆ ಅವರ ಬೀಗರು-ಬಿಜ್ಜರು. ತೊಡಕು ಹುಟ್ಟಿದ್ದೇ ಇಲ್ಲಿಂದ.

ವ್ಯಾಪಾರಿ ಗಂಡನ ಪಾತ್ರ ವಹಿಸಿದ್ದ ಗೌಡರು ಪಂಚಾಯ್ತಿ ಮೆಂಬರರು. ಅವರು ಮೀಸೆ ಸವರಿಕೊಂಡು, "ಸರ, ನಿಮ್ಮ ಕತಿ ಭಾರೀ ಛಲೋ ಐತಿ. ಆದ್ರ ನನ್ನ ಹೆಂಡ್ತಿ ಇನ್ನೊಬ್ಬನ ಸಂಗಾಟ ಹೋಗೂದು ಬ್ಯಾಡ್ರಿ. ನಾಳೆ ನಾ ವೋಟ ಕೇಳಾಕ ಹ್ಯಾಂಗ ಹೋಗ್ಲಿ? ನನ್ನನ್ನ ಆಕೀ ಸೋದರಮಾವ ಅಂತ ಮಾಡಿಬಿಡ್ರಿ" ಎಂದರು. ಮಾಧವನ ಪಾತ್ರದ ಬಸವರಾಜನದು ಬೇರೆಯೇ ಸಂಕಟ. "ನನಗ ಕನ್ಯಾ ನೋಡಾಕ ಹತ್ಯಾರ್ರಿ. ಹೆಣ್ಣಿನ ಕಡ್ಯಾವ್ರು ಮುರಗೋಡದಿಂದ ನಾಟಕ ನೋಡಾಕಂತನ ಬರತಾರು. ನಾ ಮಂದಿ ಹೆಂಡ್ತಿ ಕೈ ಹಿಡದ್ರ ಅವ್ರು ಅಲ್ಲಿಂದನ ಎದ್ದ ಹೋಗತಾರ್ರಿ. ಪ್ರೀತಿ ಎಲ್ಲಾ ಕನಸಿನ್ಯಾಗ ಆತು ಅಂತ ಮಾಡ್ರಿ."

ನನಗೆ ಮೈಯೆಲ್ಲ ಉರಿದುಹೋಯಿತು. ಎದ್ದು ನಿಂತು ಭಾಷಣವನ್ನೇ ಬಿಗಿದೆ. ಕಲೆಯೆಂದರೆ ಏನೆಂದು ತಿಳಿದಿದ್ದೀರಿ? ಬೀಗರಿಗೆ ಹೆದರುವವರು ಬಣ್ಣ ಹಚ್ಚಬಾರದು! ಆ ಪ್ರೇಮ ಇಲ್ಲದಿದ್ದರೆ ನಾಟಕವೂ ಇಲ್ಲ, ಪುಸ್ತಕ ವಾಪಸ್ ಕೊಡಿ! ಮಾತು ತುಸು ಜೋರೇ ಆಯಿತು. ನಾಯಕಿಯ ಪಾತ್ರಕ್ಕೆ ಬಂದಿದ್ದ ಸಾವಿತ್ರಿಬಾಯಿ ಒಬ್ಬರೇ ಚಪ್ಪಾಳೆ ತಟ್ಟಿದರು. "ಸರ ಹೇಳೂದು ಖರೇ ಐತಿ. ಹೊಳಿಗೆ ಹಾರೋ ಸೀನ ತಗದ್ರ ನಾ ಬರೂದಿಲ್ಲ ನೋಡ್ರಿ. ಮಂದಿ ಅಳೂದ ಅಲ್ಲಿ."

ಕಲಾವಿದೆಯೊಬ್ಬಳ ಬೆಂಬಲ ಸಿಕ್ಕಮೇಲೆ ಕೇಳಬೇಕೇ? ಎದೆ ಇನ್ನಷ್ಟು ಉಬ್ಬಿತು. ಗೌಡರು ಅರೆಮನಸ್ಸಿನಿಂದ ಒಪ್ಪಿದರು. ಬಸವರಾಜ ಮಾತ್ರ ಕೈಮುಗಿದು ಪಾತ್ರ ಬಿಟ್ಟ. ಪೇಟಿ ಮಾಸ್ತರರು ಗೋದಾಮಿನಲ್ಲಿದ್ದವರನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದರು. ಒಬ್ಬನಿಗೆ ಅತ್ತೆಮನೆ ಇದೇ ಊರು, ಇನ್ನೊಬ್ಬನ ಹೆಂಡತಿ ಬಲು ಸಿಟ್ಟಿನವಳು. ಕಡೆಗೆ ಅವರ ಕಣ್ಣು ನನ್ನ ಮೇಲೆ ಬಂದು ನಿಂತಿತು.

"ಮತ್ಯಾಕ ಚಿಂತಿ? ಬರದವ್ರು ನೀವ, ಧೈರ್ಯ ಇದ್ದವ್ರೂ ನೀವ. ಮಾಧವನ ಪಾರ್ಟ ನೀವ ಮಾಡ್ರಿ ಸರ. ಬಣ್ಣ ಹಚ್ಚಿ ತಲಿಗೆ ಕೂದಲದ ಟೋಪನ್ ಹಾಕಿದ್ರ ವಯಸ್ಸು ಕಾಣೂದಿಲ್ಲ."

ಎಲ್ಲರೂ "ಹೌದ್ರಿ, ಹೌದ್ರಿ" ಎಂದರು. ಮೊದಲ ಕ್ಷಣ ಖುಷಿಯೇ ಆಯಿತು, ಸುಳ್ಳೇಕೆ ಹೇಳಲಿ. ಸಾವಿತ್ರಿಬಾಯಿಯ ಕೈಹಿಡಿದು ಮಲಪ್ರಭೆಯ ದಂಡೆಯಲ್ಲಿ ನಿಂತ ನನ್ನನ್ನು ನಾನೇ ಕಂಡೆ. ಆಮೇಲೆ ರಂಗದ ಎದುರು ಕುಳಿತವರೂ ಕಂಡರು. ಮುಂದಿನ ಸಾಲಿನಲ್ಲಿ ಗಿರಿಜಾ. ಅವಳ ಪಕ್ಕದಲ್ಲಿ ಮಗಳು. ಅದರಾಚೆ ಸವದತ್ತಿಯ ಬೀಗರು, ಬೀಗಿತ್ತಿ, ಅವರು ಜೀಪಿನಲ್ಲಿ ತುಂಬಿಕೊಂಡು ಬಂದ ನೆಂಟರು, ಎಲ್ಲರ ಕೈಯಲ್ಲೂ ಮೊಬೈಲು.

"ಹಾಂಗಲ್ಲ ಮಾಸ್ತರ," ಎಂದೆ. "ನಾ ಈಗ ವಿಚಾರ ಮಾಡಿದೆ. ವಾಸಂತಿ, ಮಾಧವ ಇಬ್ರೂ ಸಣ್ಣವ್ರಿದ್ದಾಗ ಅಗಲಿದ ಅಣ್ಣ-ತಂಗಿ ಅಂತ ಮಾಡಿದ್ರ ಹ್ಯಾಂಗ?"

ಗೋದಾಮೆಲ್ಲ ಚಪ್ಪಾಳೆಯಿಂದ ತುಂಬಿತು. ಗೌಡರು ನನ್ನನ್ನು ಅಪ್ಪಿಕೊಂಡರು. ಬಸವರಾಜ ಓಡಿಬಂದು ತನ್ನ ಪಾತ್ರವನ್ನು ವಾಪಸ್ ತೆಗೆದುಕೊಂಡ. ಸಾವಿತ್ರಿಬಾಯಿ ಮಾತ್ರ ಕೇಳಿದರು, "ಅಲ್ರೀ ಸರ, ಅಣ್ಣ-ತಂಗಿ ಭೆಟ್ಟಿ ಆದಮ್ಯಾಗ ನಕ್ಕೋತ ಮನೀಗೆ ಹೋಗಬೇಕಲ್ಲ? ಹೊಳಿಗೆ ಯಾಕ ಹಾರತಾರು?"

"ಬರಕೊಂಡ ಬರತೇನ್ರಿ" ಎಂದು ಬಸ್ಸು ಹಿಡಿದೆ.

ಅಂದಿನಿಂದ ಆ ಕಾರಣವನ್ನೇ ಹುಡುಕುತ್ತ ಕುಳಿತಿದ್ದೇನೆ. ಪ್ರೇಮಿಗಳನ್ನು ಕೊಲ್ಲಲು ಇಪ್ಪತ್ಮೂರರಲ್ಲಿ ನನಗೆ ಇಷ್ಟು ಕಷ್ಟವಾಗಿರಲಿಲ್ಲ. ನಿನ್ನೆ ಚಹಾ ತಂದಿಟ್ಟ ಗಿರಿಜಾ ಅಣ್ಣ-ತಂಗಿಯ ಕತೆಯ ಹಾಳೆಗಳನ್ನು ಎತ್ತಿಕೊಂಡು ನಿಂತಲ್ಲೇ ಓದಿದಳು. ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಎಷ್ಟ ಛಲೋ ಬರದೀರಿ! ಇದನ್ನ ನಮ್ಮಪ್ಪನೂ ಓದಬಹುದಿತ್ತು. ಇಷ್ಟ ಧೈರ್ಯದಿಂದ ಆಗನ ಬರೀಬಾರದಿತ್ತೇನು?"