ಬೆಲ್‌ಮಾಂಟಿಗೆ ಬಂದ ಗಡಿಯಾರ

ಕಾರಿನ ಬ್ಯಾಟರಿಯಿಂದ ತಂತಿಯೇ ಇಲ್ಲದ ಗಡಿಯಾರ ಟಿಕ್ ಟಿಕ್ ಎನ್ನಬಾರದು. ನಾದಿನಿಯ ಮಗಳ ಮದುವೆಯ ದಿನ ಬೆಳಿಗ್ಗೆ ಕ್ಲೆಮ್ ಟ್ರೆಗೆನ್ಜಾ ಗಾಡಿಯನ್ನು ಬೀದಿಗಿಳಿಸಿದಾಗ ಅದು ಅಂದಿತು.

ವಾಲರೂ ಊರಿನವರು ಒಬ್ಬನ ಯೋಗ್ಯತೆಯನ್ನು ಅವನ ಹೋಲ್ಡನ್ ಕಾರಿನ ಹಿಂಬದಿಯ ಹೆಸರು ಓದಿ ತಿಳಿಯುತ್ತಿದ್ದರು. ಬೆಲ್‌ಮಾಂಟ್ ಎಂದಿದ್ದರೆ ಕಾಲಡಿಗೆ ಬರೀ ರಬ್ಬರು, ಗಡಿಯಾರ ಇರಬೇಕಾದಲ್ಲಿ ಬೋಳು ತಗಡು. ಕಿಂಗ್ಸ್‌ವುಡ್ ಎಂದಿದ್ದರೆ ಪರವಾಗಿಲ್ಲ, ನಿಂತು ಮಾತಾಡಿಸಬಹುದು. ಪ್ರೀಮಿಯರ್ ಎಂದಿದ್ದರೆ ಕಾಲಡಿಗೆ ಕಂಬಳಿ, ಕಣ್ಣೆದುರು ಗಡಿಯಾರ, ಚರ್ಚಿನ ಮುಂದೆ ನೆರಳಿರುವ ಜಾಗ. ದೂರದಿಂದ ನೋಡಿದರೆ ಮೂರೂ ಒಂದೇ ಥರ. ಕ್ಲೆಮ್‌ನನ್ನು ಕೆಡಿಸಿದ್ದು ಅದೇ.

ಪಕ್ಕದ ಮನೆಯ ವಾಲ್ ರೋಡ್ಡಾಳ ಕಿಂಗ್ಸ್‌ವುಡ್ಡನ್ನು ನೋಡಿ ನೋಡಿ ಒಳಗೇ ಬೇಯುತ್ತಿದ್ದ ಹೆಂಡತಿ ನೋರೀನ್, ಪ್ರೀಮಿಯರ್ ಇಲ್ಲದೆ ಮನೆಗೆ ಬರಬೇಡ ಎಂದು ಅವನನ್ನು ಅಡಿಲೇಡಿಗೆ ಕಳಿಸಿದ್ದಳು. ಅಲ್ಲಿ ಕೈಗೆಟುಕಿದ್ದು ಬೆಲ್‌ಮಾಂಟ್. ವಾಪಸು ಬರುವ ದಾರಿಯ ಗುಜರಿಯಲ್ಲಿ ನುಜ್ಜಾದ ಪ್ರೀಮಿಯರ್ ಒಂದು ಬಿದ್ದಿತ್ತು. ಕ್ಲೆಮ್ ಅದರ ಹೆಸರಿನ ಅಕ್ಷರ, ಕಂಬಳಿ, ಗಡಿಯಾರ ಬಿಚ್ಚಿ ತನ್ನದಕ್ಕೆ ಕೂರಿಸಿಕೊಂಡು ಪ್ರೀಮಿಯರ್ ಒಡೆಯನಾಗಿ ಮನೆ ಸೇರಿದ. ಅದರಿಂದಲೇ ತಂದ, ಕೆಸರು ಮೆತ್ತಿದ್ದ ಚಕ್ರದ ಮುಚ್ಚಳಗಳನ್ನು ಮಾತ್ರ ತೊಳೆದು ಈ ಬೆಳಿಗ್ಗೆ ಹಾಕಿದ್ದ. ನೋರೀನ್‌ಗೆ ಏನೂ ಗೊತ್ತಿರಲಿಲ್ಲ. ಗೊತ್ತಾದರೆ ತಾನು ಕೋಳಿಗೂಡಿನಲ್ಲಿ ಮಲಗಬೇಕಾಗುತ್ತದೆ ಎಂಬುದು ಕ್ಲೆಮ್‌ಗೆ ಗೊತ್ತಿತ್ತು.

ಆ ನುಜ್ಜುಗಾಡಿ ತಮ್ಮೂರಿನ ಪರ್ಸಿ ಪೆನ್‌ಹೇಲ್‌ನದೆಂದು ಗುಜರಿಯವನು ಹೇಳಿದ್ದು ಎಲ್ಲ ಬಿಚ್ಚಿಯಾದ ಮೇಲೆ. ಪರ್ಸಿ ಸ್ಟಿಯರಿಂಗ್ ಹಿಡಿದಂತೆಯೇ ಪ್ರಾಣ ಬಿಟ್ಟಿದ್ದ. ಗಾಡಿ ತಾನಾಗಿ ಹೋಗಿ ಗೋಧಿ ಕಣಜದ ಗೋಡೆಗೆ ಗುದ್ದಿತ್ತು.

ಈಗ ಬೀದಿಯಲ್ಲಿ ಕ್ಲೆಮ್ ಗಾಡಿ ನಿಲ್ಲಿಸಿದರೆ ಟಿಕ್ ಟಿಕ್ ನಿಂತಿತು, ಯಾರೋ ಉಸಿರು ಬಿಗಿಹಿಡಿದ ಹಾಗೆ. ಹೊರಟರೆ ಹೊರಟಿತು. ಜೋರಾಗಿ ಓಡಿಸಿದರೆ, ಹೋಗುವ ಅವಸರ ತನಗೂ ಇದೆ ಎಂಬಂತೆ ಅದೂ ಓಡಿತು. ಮುಳ್ಳುಗಳು ಮಾತ್ರ ಮೂರೂ ಮುಕ್ಕಾಲಿನಲ್ಲಿ ಸತ್ತು ಬಿದ್ದಿದ್ದವು. ಅವನು ಬಸವನಹುಳುವಿನಂತೆ ತೆವಳತೊಡಗಿದ. ಕಾಲುದಾರಿಯಲ್ಲಿ ಬರುತ್ತಿದ್ದ ವಾಲ್ ಅವನನ್ನು ಹಿಂದೆ ಹಾಕಿ, ತಿರುಗಿ ಬಂದು ಕಿಟಕಿಯಲ್ಲಿ ತಲೆ ತೂರಿಸಿದಳು.

"ಏನಯ್ಯಾ ಕ್ಲೆಮ್, ಹೆಣದ ಗಾಡಿ ಹೊಡೀತಾ ಇದೀಯಾ?"

 ವಾಲ್‌ಳ ಕಣ್ಣು ಕೆಳಗಿಳಿಯಿತು. ಹೊಸ ಗಾಡಿಯ ಕಂಬಳಿಯಲ್ಲಿ ಅಷ್ಟು ಬೇಗ ಹಿಮ್ಮಡಿಯ ಗುಳಿ ಯಾರದು ಎಂದು ಕೇಳಿದಳು. ಕ್ಲೆಮ್ ಬಗ್ಗಿ ನೋಡಿದ. ಅವನ ಹಿಮ್ಮಡಿ, ತಾನಾಗಿ ಜಾರಿ, ಆ ಗುಳಿಯಲ್ಲಿ ಅಚ್ಚುಕಟ್ಟಾಗಿ ಕೂತಿತ್ತು.

ಮಧ್ಯಾಹ್ನ ಮದುಮಗಳನ್ನು ಚರ್ಚಿಗೆ ಕರೆದೊಯ್ಯುವ ಭಾಗ್ಯ ಪ್ರೀಮಿಯರ್‌ನದು. ಹುಡುಗಿ ನೋರೀನ್‌ಳ ತಂಗಿಯ ಮಗಳು ಲೊರೇನ್. ಹಿಂದಿನ ಸೀಟಿನಲ್ಲಿ ಅವಳು, ಅವಳಪ್ಪ, ಮುಸುಕು ಹಿಡಿಯುವ ನೆಪದಲ್ಲಿ ವಾಲ್. ಗಾಡಿಯಿಲ್ಲದ ಮುದುಕಿ ಎಂದು ಕನಿಕರಪಟ್ಟು ಮುಂದಿನ ಸೀಟಿನಲ್ಲಿ ಯಾರೋ ಕೂರಿಸಿದ್ದು ಇನಿಡ್ ಪೆನ್‌ಹೇಲ್‌ಳನ್ನು, ಪರ್ಸಿಯ ವಿಧವೆಯನ್ನು. 

ಗಾಡಿ ಹೊರಟಿತು. ಟಿಕ್. ಟಿಕ್. ಮಾತು ಒಂದೊಂದಾಗಿ ನಿಂತುಹೋಯಿತು.

"ಯಾರೋ ನಮ್ಮನ್ನ ಎಣಿಸ್ತಾ ಇದಾರೆ ಅನ್ಸುತ್ತೆ," ಎಂದಳು ಲೊರೇನ್, ಸಣ್ಣ ದನಿಯಲ್ಲಿ.

"ಸದ್ದೇನೋ ಮಾಡುತ್ತೆ, ಮುಳ್ಳು ಅಲ್ಲಾಡೋದೇ ಇಲ್ವಲ್ಲ," ಎಂದಳು ವಾಲ್. "ಇದು ನಿಜವಾಗ್ಲೂ ಪ್ರೀಮಿಯರ್ ಗಡಿಯಾರವೇನಯ್ಯಾ?"

ಇನಿಡ್ ಕೈಗವುಸಿನ ಬೆರಳಿಂದ ಗಾಜನ್ನು ಮೆಲ್ಲಗೆ ಸವರಿದಳು. "ಎಲ್ಲಾ ಪ್ರೀಮಿಯರ್‌ದೂ ಹೀಗೇ ಕಣಮ್ಮ. ನಿಂದು ಕಿಂಗ್ಸ್‌ವುಡ್ ಅಲ್ವಾ, ನಿನಗೆ ಗೊತ್ತಿರಲ್ಲ."

ಚರ್ಚು ಬರುವವರೆಗೆ ವಾಲ್ ಮುಸುಕಿನ ಮಡಿಕೆಯನ್ನೇ ಸರಿಮಾಡುತ್ತ ಕೂತಳು.

ಎಲ್ಲರೂ ಇಳಿದು ಒಳಗೆ ಹೋದರು. ಇನಿಡ್ ಇಳಿಯಲಿಲ್ಲ.

"ಇದು ನನ್ನ ಅಲಾರಂ ಗಡಿಯಾರದ ಮುಖ, ಮಗನೇ. ಪರ್ಸಿ ಬಿಚ್ಚಿ ಇಲ್ಲಿ ಅಂಟಿಸಿದ್ದ. ನಮ್ಮದೂ ಬೆಲ್‌ಮಾಂಟೇ."

ಕ್ಲೆಮ್ ಗಡಿಯಾರದತ್ತ ಕೈ ತೋರಿಸಿದ. "ಮತ್ತೆ ಆ ಸದ್ದು, ಮಿಸೆಸ್ ಪೆನ್‌ಹೇಲ್?"

"ಎಡಗಡೆ ಮುಂದಿನ ಚಕ್ರದಿಂದ ಬರ್ತಿದೆ. ಆ ಮುಚ್ಚಳದ ಒಳಮಡಿಕೆಯಲ್ಲಿ ಅವನು ಒಂದು ನಟ್ಟು ಸೇರಿಸಿದ್ದ. ಚಕ್ರ ಒಂದು ಸುತ್ತು ತಿರುಗಿದರೆ ಒಂದು ಟಿಕ್. ಹಿಂದೆ ಕೂತವರು ನಂಬಬೇಕಲ್ಲ." ಅವಳು ತುಸು ನಕ್ಕಳು. "ಮುಳ್ಳನ್ನ ಸುಮ್ಮನೆ ಮೂರೂ ಮುಕ್ಕಾಲಿಗೆ ಅಂಟಿಸಿದ್ದ. ಅವನ ಪ್ರಾಣ ಹೋಗಿದ್ದೂ ಅದೇ ಹೊತ್ತಿಗೆ."

ಇಳಿಯುವ ಮುಂಚೆ ಅವಳು ತನ್ನ ಕೋರಿಕೆಯನ್ನೂ ಮುಂದಿಟ್ಟಳು. ಇನ್ನು ಮೇಲೆ ಪ್ರತಿ ಭಾನುವಾರ ಕ್ಲೆಮ್ ಅವಳನ್ನು ಪರ್ಸಿಯ ಗೋರಿಗೆ ಕರೆದೊಯ್ಯಬೇಕು, ಈ ಗಾಡಿಯಲ್ಲೇ. ಗುಟ್ಟು ಅವಳಲ್ಲೇ ಇರುತ್ತದೆ. ಭಾನುವಾರ ಮೀನು ಹಿಡಿಯುವ ಕ್ಲೆಮ್ ತಲೆಯಾಡಿಸಿದ. ಕೋಳಿಗೂಡಿಗಿಂತ ಗೋರಿ ವಾಸಿ.

ಅವಳು ಒಳಗೆ ಹೋದ ಮೇಲೆ ಅವನು ಆ ಮುಚ್ಚಳ ಕಿತ್ತು ನೋಡಿದ. ತುಕ್ಕು ಹಿಡಿದ ನಟ್ಟು ನಿಜಕ್ಕೂ ಇತ್ತು. ಅದನ್ನು ಜೇಬಿಗೆ ಹಾಕಿ, ಮುಚ್ಚಳ ಬಡಿದು ಕೂರಿಸಿ, ಗಾಡಿಯಲ್ಲಿ ಕಾಲು ಚಾಚಿ ಕೂತ. ಎದೆ ಹಗುರಾಗಿ ಹಾಗೇ ಜೊಂಪು ಹತ್ತಿತು.

ಎಚ್ಚರವಾದಾಗ ಚರ್ಚಿನ ಬಾಗಿಲು ತೆರೆದಿತ್ತು. ಮದುಮಕ್ಕಳ ಹಿಂದೆ ನೋರೀನ್ ಹೆಂಗಸರ ಹಿಂಡನ್ನೇ ಗಾಡಿ ತೋರಿಸಲು ಕರೆತರುತ್ತಿದ್ದಳು. ವಾಲ್ ಕಿಟಕಿಗೆ ಬಗ್ಗಿ, ಗಡಿಯಾರ ನೋಡಿ, ತನ್ನ ಕೈಗಡಿಯಾರ ನೋಡಿಕೊಂಡು, ಸೋತವಳಂತೆ ನಿಟ್ಟುಸಿರಿಟ್ಟಳು.

"ಮೂರೂ ಮುಕ್ಕಾಲು. ಒಂದು ನಿಮಿಷ ತಪ್ಪಿಲ್ಲ ಕಣೇ ನೋರೀನ್."

"ಸದ್ದು ಕೇಳು, ಎಷ್ಟು ಚೆನ್ನಾಗಿ ನಡೀತಿದೆ," ಎಂದು ನೋರೀನ್ ಹಿಗ್ಗಿದಳು. "ಹೊರಡು ಕ್ಲೆಮ್, ಯಾಕೆ ಹಾಗೆ ಬೆವರ್ತಾ ಇದೀಯಾ?"

ಎಂಜಿನ್ ಆರಿತ್ತು. ಚಕ್ರ ನಿಂತಿತ್ತು. ಕ್ಲೆಮ್ ಜೇಬಿನಲ್ಲಿ ನಟ್ಟನ್ನು ಬಿಗಿಯಾಗಿ ಹಿಡಿದು ಕೇಳುತ್ತ ಕೂತ. ಅವನ ಹಿಮ್ಮಡಿ ತಾನಾಗಿ ಜಾರಿ ಗುಳಿಗೆ ಸೇರಿತು.

ಟಿಕ್. ಟಿಕ್.