ಅತ್ತಿಯ ಫ್ರೆಂಚು, ಮಾವನ ಹೆಸರು

ನಮ್ಮ ಅತ್ತಿಯವರಿಗೆ ಫ್ರೆಂಚ್ ಭಾಷಾ ಬರತೈತಿ, ಗಂಡನ ಹೆಸರು ಮಾತ್ರ ಬರಂಗಿಲ್ಲ!

ನಗಬ್ಯಾಡ್ರಿ. ಟಿಕೋಟಾಕ್ಕ ಬಂದು ಯಾರನ್ನ ಬೇಕಾದ್ರೂ ಕೇಳ್ರಿ. ಅರವತ್ತು ದಾಟಿದ, ಇಳಕಲ್ಲ ಸೀರಿ ಉಟ್ಟು ತಲಿ ಮ್ಯಾಲ ಸೆರಗು ಹೊತ್ತ ಹೆಣ್ಣಮಗಳು ಒಣದ್ರಾಕ್ಷಿ ಆರಿಸ್ಕೋತ "ಅಂ, ದ, ತ್ರುವಾ" ಅಂತ ಎಣಸೂದನ್ನ ಬ್ಯಾರೆ ಯಾವ ಊರಾಗ ನೋಡೀರಿ? ಅದ ಹೆಣ್ಣಮಗಳನ್ನ "ನಿಮ್ಮ ಯಜಮಾನರ ಹೆಸರೇನ್ರಿ?" ಅಂತ ಕೇಳಿ ನೋಡ್ರಿ. ಕಿವಿ ಕೇಳಂಗಿಲ್ಲದವರಂಗ ಆಕಾಶ ನೋಡಿಬಿಡತಾರ!

ಗಂಡನ ಹೆಸರು ಬಾಯಾಗ ಬಂದ್ರ ಗಂಡನ ಆಯುಷ್ಯ ಕಡಿಮಿ ಆಗತೈತಿ ಅಂತ ಅವರ ಅತ್ತಿ ಹೇಳಿದ್ರಂತ. ಹೇಳಿದ ಅತ್ತಿ ಹೋಗಿ ಮೂವತ್ತು ವರ್ಷ ಆತು, ಆ ಮಾತು ಮಾತ್ರ ಮನಿ ಬಿಟ್ಟು ಹೋಗಲಿಲ್ಲ. ಮದಿವ್ಯಾಗ ಹೆಂಗಸರೆಲ್ಲಾ ಸುತ್ತಗಟ್ಟಿ ಒಡಪು ಹೇಳು ಅಂತ ಗಂಟ ಬಿದ್ರಂತ. ಒಡಪು ಅಂದ್ರ ಒಂದೆರಡು ಸಾಲಿನ ಪದದಾಗ ಗಂಡನ ಹೆಸರು ಸೇರಿಸಿ ಹೇಳೂದು, ಅವತ್ತೊಂದಿನ ಅದಕ್ಕ ಎಲ್ಲಾರಿಗೂ ಮಾಫಿ ಇರತೈತಿ. ನಮ್ಮ ಅತ್ತಿ ಅವತ್ತೂ ಹೇಳಲಿಲ್ಲ, ಅಳಾಕ ಚಾಲೂ ಮಾಡಿದ್ರಂತ! ಕಡೀಕ ನಾದಿನೀನ ಅವರ ಪರವಾಗಿ ಹೇಳಿ ಮುಗಿಸಿದ್ಲಂತ.

ನಮ್ಮ ಮಾವನವರ ಹೆಸರು ಸೋಮವಾರದ ಹೆಸರಿನಿಂದ ಸುರು ಆಗತೈತಿ. (ನಾನೂ ಸೊಸಿ, ಇದಕ್ಕಿಂತ ಜಾಸ್ತಿ ಕೇಳಬ್ಯಾಡ್ರಿ.) ಹಿಂಗಾಗಿ ನಮ್ಮ ಅತ್ತಿಯವರ ವಾರಕ್ಕ ಆರ ದಿನ. ಏಳನೇದು "ಆಯ್ತಾರದ ಮರುದಿನ". ಹೋದ ವರ್ಷ ಮಾವ ತೀರಿಕೊಂಡ ಮ್ಯಾಲ ಕಾಗದಪತ್ರದ ಸಲುವಾಗಿ ಒಂದು ಕಚೇರಿಗೆ ಹೋಗಿದ್ವಿ. ನಾನು ಝೆರಾಕ್ಸ್ ಮಾಡಿಸಾಕಂತ ಹೊರಗ ಹೋದಾಗ ಗುಮಾಸ್ತ ಅತ್ತಿಯವರಿಗೆ ಗಂಡನ ಹೆಸರು ಕೇಳ್ಯಾನ.

"ಆಯ್ತಾರದ ಮರುದಿನ ಐತೆಲ್ರಿ, ಅದರಾಗಿಂದು ಅರ್ಧಾ ತಗೋರಿ," ಅಂದಾರ ಅತ್ತಿ. "ಶಿವನ ಗುಡಿಯೊಳಗ ಏನಿರತೈತಿ, ಅದನ್ನ ಅದಕ್ಕ ಹಚ್ಚರಿ."

ಆ ಪುಣ್ಯಾತ್ಮ ಬಾಳೊತ್ತು ವಿಚಾರ ಮಾಡಿ "ಸೋಮನಂದಿ" ಅಂತ ಬರದಿದ್ದ! ಅದನ್ನ ತಿದ್ದಿಸಾಕ ನಾನು ನಾಕ ಸಲ ಅಡ್ಡಾಡೀನಿ.

ಇಂಥಾವರಿಗೆ ಫ್ರೆಂಚ್ ಹೆಂಗ ಗಂಟು ಬಿತ್ತು ಅಂತೀರಿ? ನನ್ನ ಮಗಳ ಕಾಲಿನಿಂದ. ಅಕಿ ಇಟ್ಟಂಗಿಹಾಳ ಕಡೆ ಒಂದು ಸಾಲಿಯೊಳಗ ಆರನೇತ್ತಾ ಓದತಾಳ. ಆ ಸಾಲಿಯವರು ಈ ವರ್ಷ ಆರನೇತ್ತಾಕ್ಕ ಫ್ರೆಂಚ್ ಸುರು ಮಾಡಿದ್ರು. ನಮ್ಮಾಕಿ ದ್ರಾಕ್ಷಿ ಚಪ್ಪರದ ಕಲ್ಲ ಕಂಬಾ ಏರಿ ಜಿಗದು, ಕಾಲ ಮುರಕೊಂಡು, ಪ್ಲಾಸ್ಟರ್ ಹಾಕಿಸಿಕೊಂಡು ಕುಂತಳು. ಸಾಲಿ ತಪ್ಪಬಾರದು ಅಂದ್ರ ಮನಿಯವರು ಯಾರರೆ ಜೋಡಿ ಬರಬೇಕು ಅಂದ್ರು ದೊಡ್ಡ ಮೇಡಂ. ನಂದು ವಿಜಯಪುರದ ಸ್ಟೇಷನ್ ರಸ್ತೆಯೊಳಗ ಹೊಲಿಗಿ ಅಂಗಡಿ, ನಮ್ಮ ಮನಿಯವರು ತ್ವಾಟದಾಗ. ಕಡೀಕ ಅತ್ತಿಯವರೇ ಎಲಿ ಅಡಿಕಿ ಚೀಲ ತಗೊಂಡು ಸಾಲಿ ಬಸ್ ಹತ್ತಿದ್ರು.

ಮೂರು ದಿನ ಹೊರಗ ಬೇವಿನ ಗಿಡದ ಕೆಳಗ ಕುಂತ್ರಂತ. ನಾಕನೇ ದಿನ ಫ್ರೆಂಚ್ ಪಿರಿಯಡ್ಡಿಗೆ ಎದ್ದು ಒಳಗ ಹೋಗಿ ಹಿಂದಿನ ಬೆಂಚಿನ ಮ್ಯಾಲ ಕುಂತುಬಿಟ್ಟಾರ! ಸಂಜೀಕ ಮಗಳು ಹೇಳಿದಾಗ ನನಗ ನಗಿ ತಡೀಲಿಲ್ಲ.

"ಅತ್ತೀ, ಕುಂಡ್ರೂದ ಇತ್ತಂದ್ರ ಇಂಗ್ಲಿಷಿಗೆ ಕುಂಡ್ರಬೇಕಿಲ್ರಿ? ಉಪಯೋಗರೆ ಆಗತಿತ್ತು."

"ಅದರಾಗ ಹುಡುಗೂರೆಲ್ಲಾ ಮುಂದ ಹೋಗಿಬಿಟ್ಟಾವು ಬೇ. ಇದರಾಗ ಯಾರಿಗೂ ಏನೂ ಬರಂಗಿಲ್ಲ. ಅವೂ ನಾನೂ ಒಂದ."

ನಾಕನೇತ್ತಾಕ್ಕ ಸಾಲಿ ಬಿಟ್ಟವರ ಆಸೆ ಇದು. ಪಾಪ, ಕುಂಡರಲಿ ಬಿಡು ಅಂದ್ಕೊಂಡೆ.

ಫ್ರೆಂಚ್ ಕಲಸಾಕಿ ವಿಜಯಪುರದ ಹುಡುಗೀನ. ಅವರ ಅಬ್ಬಾಂದು ಗಡಿಯಾರ ರಿಪೇರಿ ಅಂಗಡಿ. ಪುಣೆದಾಗ ಓದಿ ಬಂದಾಳ, ಇಪ್ಪತ್ತಾರು ವಯಸ್ಸು. ಹುಡುಗೂರೆಲ್ಲಾ "ಮಿಸ್" ಅಂದ್ರ ನಮ್ಮ ಅತ್ತಿ "ಅಕ್ಕೋರ" ಅಂತಾರ. ಅಕ್ಕೋರು ಒಳಗ ಬಂದ ಕೂಡಲೇ ಎಲ್ಲಾರೂ ಎದ್ದು "ಬೊಂಜೂರ್" ಅನಬೇಕು. ಕಲಸೋರಿಗೆ ಹಂಗ ಬೋಳು ಬೋಳು ಮಾತಾಡೂದಂದ್ರೇನು? ನಮ್ಮ ಅತ್ತಿ ಮೊದಲ ದಿನಾನ ಅದನ್ನ ರಿಪೇರಿ ಮಾಡಿದ್ರು. "ಬೊಂಜೂರ್‌ರಿ ಅಕ್ಕೋರ!" ಹೋಗುವಾಗ ಥ್ಯಾಂಕ್ಸ್ ಅನ್ನಾಕ "ಮೆರ್ಸಿರಿ!" ಹದಿನೈದು ದಿನದಾಗ ಇಡೀ ಕ್ಲಾಸು ಹಂಗ ಅನ್ನಾಕ ಹತ್ತಿತು. ಪುಣೆದಿಂದ ಯಾರೋ ದೊಡ್ಡ ಮಾಸ್ತರು ಕ್ಲಾಸ್ ನೋಡಾಕ ಬಂದಾಗ ನಲವತ್ತು ಹುಡುಗೂರು ಒಂದ ದನಿಲೆ "ಬೊಂಜೂರ್‌ರಿ ಸರ್" ಅಂದುವು. ಅವರು ಇದು ಫ್ರಾನ್ಸಿನ ಯಾವ ಕಡೀ ಮಾತು ಅಂತ ಕೇಳಿದ್ರಂತ!

ಆರು ವಾರಕ್ಕ ಮಗಳ ಪ್ಲಾಸ್ಟರ್ ತಗದ್ರು. ಅತ್ತಿಯವರನ್ನ ಮಾತ್ರ ಸಾಲಿಯಿಂದ ತಗಿಯಾಕ ಯಾರ ಕಡಿಂದೂ ಆಗಲಿಲ್ಲ. ದೊಡ್ಡ ಮೇಡಂ ಕರದು, "ಅಜ್ಜೀ, ಮೊಮ್ಮಗಳು ಆರಾಮ ಆದ್ಲಲ್ರಿ, ಇನ್ನ ನೀವು ಆರಾಮಾಗಿ ಮನ್ಯಾಗ ಇರ್ರಿ" ಅಂದ್ರು.

"ನನ್ನ ಅಭ್ಯಾಸ ಇನ್ನೂ ಮುಗದಿಲ್ರಿ," ಅಂದ್ರು ಅತ್ತಿ. "ಕುಟುಂಬದ ಪಾಠ ಬರೂದೈತೆಂತ. ಅದರಮಟಾ ಬಿಡ್ರಿ, ಕೈ ಮುಗಿತೇನಿ."

ಹೋಮ್‌ವರ್ಕ್ ತಪ್ಪಸಬಾರದು ಅಂತ ಹೇಳಿ ಮೇಡಂ ಬಿಟ್ರು. ಮೊಮ್ಮಗಳು ಒಂದು ದಿನರೆ ಸಾಲಿಗೆ ಚಕ್ಕರ್ ಹೊಡೀಬೇಕಂದ್ರ ಈಗ ಸಾಧ್ಯಾನ ಇಲ್ಲ, ಅಜ್ಜಿ ಮುಂಜಾನೆ ಏಳಕ್ಕ ಬ್ಯಾಗ್ ಹಾಕ್ಕೊಂಡು ಕಟ್ಟಿ ಮ್ಯಾಲ ನಿಂತಿರತಾರ.

ವಾರದ ಪಾಠ ಬಂದಾಗಿನ ಸಂಭ್ರಮ ಕೇಳಬ್ಯಾಡ್ರಿ! ಸೋಮವಾರಕ್ಕ ಫ್ರೆಂಚಿನ್ಯಾಗ "ಲಂದಿ" ಅಂತಾರಂತ. ನಲವತ್ತು ವರ್ಷ ಬಾಯಿ ಕಟ್ಟಿಕೊಂಡಿದ್ದವರಿಗೆ ಕಳಕೊಂಡ ದಿನ ವಾಪಸ್ ಸಿಕ್ಕಂಗ ಆತು. ಲಂದಿಗೆ ಪೂಜಿ, ಲಂದಿಗೆ ತಲಿ ಸ್ನಾನ, ಲಂದಿಗೆ ಕೂಲಿ ಹೆಣ್ಣಮಕ್ಕಳು ಬರಬೇಕು. ಬಬಲೇಶ್ವರದಾಗಿನ ತಂಗಿಗೂ ಫೋನ್ ಮಾಡಿ, "ಲಂದಿ ಬರತೇನಿ, ಹೋಳಿಗಿ ಮಾಡು" ಅಂತ ಹೇಳಿ ಇಟ್ಟುಬಿಟ್ರು. ಆ ಚಿಗತ್ತಿ ಪಾಪ, ಲಂದಿ ಅಂದ್ರ ಯಾವದೋ ಹುಣ್ಣಿವಿ ಇರಬೇಕು ಅಂತ ಓಣಿಯೆಲ್ಲಾ ಕೇಳಿ, ಯಾರಿಗೂ ಗೊತ್ತಾಗದ, ಶುಕ್ರವಾರದಿಂದ ದಿನಾ ಹೋಳಿಗಿ ಮಾಡಿಟ್ಟುಕೊಂಡು ಕುಂತಿದ್ಲು. ಸೋಮವಾರ ಸಾಲಿ ಬಿಟ್ಟ ಮ್ಯಾಲ ನಾವು ಹೋಗೂದ್ರಾಗ ಅವರ ಮನಿ ಮಂದಿಗೆಲ್ಲಾ ಹೋಳಿಗಿ ಅಂದ್ರ ವಾಕರಿಕಿ ಬರೂವಂಗ ಆಗಿತ್ತು.

ಆಮ್ಯಾಲ ಕುಟುಂಬದ ಪಾಠ ಬಂತು. ಅಪ್ಪನ ಹೆಸರು, ಅವ್ವನ ಹೆಸರು, ಎಲ್ಲಾ ಸಾಲು ನೀರ ಕುಡದಂಗ ಹೇಳತಿದ್ರು. "ಮೊಂ ಮಾರಿ ಸಾಪೆಲ್," ಅಂದ್ರ ನನ್ನ ಗಂಡನ ಹೆಸರು, ಅನ್ನೂದು ಬರೂದ ತಡ, ಕೆಮ್ಮು ಬರತಿತ್ತು. ಇಲ್ಲಾ ಒಲಿ ಮ್ಯಾಲಿನ ಹಾಲು ನೆನಪಾಗತಿತ್ತು. ದಿನಾ ಸಂಜೀಕ ಅಡಗಿ ಮನ್ಯಾಗ ಇದ ನಾಟಕ. ಅಕ್ಕೋರು "ನಮ್ಮ ಅಮ್ಮೀನೂ ಅಬ್ಬಾನ ಹೆಸರ ಹೇಳಂಗಿಲ್ರಿ ಅಜ್ಜಿ, ನೀವು ಆ ಸಾಲು ಬಿಟ್ಟು ಮುಂದ ಹೋಗ್ರಿ" ಅಂದ್ರೂ ಕೇಳಲಿಲ್ಲ.

ಒಂದಿನ ನಾನು ನಮ್ಮ ಮನಿಯವರನ್ನ ಹೆಸರ ಹಿಡದು ಕೂಗಾಕತ್ತಿದ್ದೆ. ಪಂಪಿನ ಸ್ವಿಚ್ ಹಾಕಂತ ಹೇಳೂದಿತ್ತು, ಎಲ್ಲಿ ಹೋಗಿದ್ರೋ ಏನೋ, ಮೂರು ಸಲ ಕೂಗಿದೆ. ಅತ್ತಿ ನನ್ನ ನೋಡಕೋತ ಕುಂತಿದ್ರು.

"ನಿನಗೇನವಾ, ಬಾಯಿ ತುಂಬ ಹೆಸರ ಹಿಡದು ಕರೀತಿ," ಅಂದ್ರು.

"ನೀವೂ ಕರೀರೆಲ್ಲ ಅತ್ತೀ, ಈಗ ಯಾರು ಬ್ಯಾಡ ಅಂತಾರ?" ಅಂದೆ ನಾನು, ಚಾಷ್ಟಿಗೆ.

ಅವರು ನಗಲಿಲ್ಲ. ಕೈಯಾಗಿನ ವಹಿ ಮುಚ್ಚಿ ತೊಡಿ ಮ್ಯಾಲ ಇಟಗೊಂಡು ಹೇಳಿದ್ರು. ಮಾವ ಹಾಸಿಗಿ ಹಿಡದಾಗ ಒಂದಿನ ಯಾರೂ ಇಲ್ಲದಾಗ ಕೈ ಹಿಡಕೊಂಡು, "ಒಂದ ಸಲರೆ ನನ್ನ ಹೆಸರ ಹಿಡದು ಕರೀ. ನಿನ್ನ ಬಾಯಾಗ ಹೆಂಗ ಕೇಳತೈತಿ ನೋಡೂಣು" ಅಂದಿದ್ರಂತ. ಅತ್ತಿ ನಾಚಿ ನಕ್ಕು, "ಸುಮ್ಮ ಮಕ್ಕೋರಿ, ಈ ವಯಸ್ಸಿನ್ಯಾಗ ಇದೇನು ಹುಚ್ಚು" ಅಂದ್ರಂತ. ಅದಾಗಿ ಎಂಟು ದಿನಕ್ಕ ಮಾವ ಹೋದ್ರು.

"ಹೇಳಿದ್ರ ಆಯುಷ್ಯ ಕಡಿಮಿ ಆಗತೈತಿ ಅಂತ ಹೇಳಲಿಲ್ಲವಾ. ಹೇಳದಿದ್ರೂ ಹೋದ್ರು," ಅಂದ್ರು ಅತ್ತಿ. "ಈಗ ಹೇಳೂಣಂದ್ರ ನಾಲಿಗಿ ಹೊರಳವಲ್ದು. ನಮ್ಮತ್ತಿ ಬೈದಿದ್ದು ಕನ್ನಡದಾಗ ಅಲ್ಲೇನು? ಈ ಭಾಷಾದಾಗ ಯಾರೂ ನನಗ ಬ್ಯಾಡಂದಿಲ್ಲ. ಇದರಾಗರೆ ಬಂದೀತು ಅಂತ ಕಲ್ಯಾಕತ್ತೀನಿ."

ಇಷ್ಟು ದಿನ ಅವರ ಫ್ರೆಂಚ್ ಹೇಳಿ ಅಂಗಡ್ಯಾಗ ಗಿರಾಕಿಗಳನ್ನೆಲ್ಲಾ ನಗಿಸಿದ್ದೆ ನಾನು. ನನ್ನ ಮ್ಯಾಲ ನನಗ ಬಾಳ ನಾಚಿಕಿ ಆತು.

ವರ್ಷದ ಕಡೀಕ ಬಾಯಿ ಪರೀಕ್ಷಾ. ಹುಡುಗೂರು ಒಬ್ಬೊಬ್ಬರ ಎದ್ದು ನಿಂತು ತಮ್ಮ ಕುಟುಂಬದ ಬಗ್ಗೆ ಹೇಳಬೇಕು, ಅಪ್ಪ ಅವ್ವಂದ್ರು ಹಿಂದ ಕುಂತು ಕೇಳಬೇಕು. ಅಂಗಡಿ ಮುಚ್ಚಿ ನಾನೂ ಹೋದೆ. ಅತ್ತಿಯವರ ಪಾಳಿ ಎಲ್ಲಾರಕಿಂತ ಹಿಂದ ಬಂತು. ಹೊಸಾ ಸೀರಿ, ಎಣ್ಣಿ ಹಚ್ಚಿ ಬಾಚಿದ ತಲಿ. ತಮ್ಮ ಹೆಸರು ಹೇಳಿದ್ರು, ಅಪ್ಪನ ಹೆಸರು, ಅವ್ವನ ಹೆಸರು, ಮೊಮ್ಮಗಳ ಹೆಸರೂ ಹೇಳಿದ್ರು. "ಮೊಂ ಮಾರಿ ಸಾಪೆಲ್..." ಅಂದ್ರು. ನಿಂತ್ರು. ನನ್ನ ಮಗಳು ಹೇಳಿಕೊಡಾಕಂತ ಬಾಯಿ ತಗದ್ಲು, ಅಕ್ಕೋರು ಕಣ್ಣಿಲೇ ಬ್ಯಾಡಂದ್ರು.

ಅತ್ತಿಯವರ ತುಟಿ ಅಲಗಾಡಿದುವು, ದನಿ ಬರಲಿಲ್ಲ. ತಲಿ ಅಲ್ಲಾಡಿಸಿ ಕುಂತುಬಿಟ್ರು.

ಅಕ್ಕೋರು ಹತ್ರ ಬಂದು, "ಇರಲಿ ಬಿಡ್ರಿ ಅಜ್ಜಿ, ಉಳಿದದ್ದೆಲ್ಲಾ ಚಂದ ಹೇಳೀರಿ, ಪೂರಾ ಮಾರ್ಕ್ಸ್ ಕೊಡತೇನಿ" ಅಂದ್ರು.

"ಹೇಳಲಾರದ ಮಾತಿಗೆ ಮಾರ್ಕ್ಸ್ ಬ್ಯಾಡ್ರಿ ಅಕ್ಕೋರ," ಅಂದ್ರು ಅತ್ತಿ.

ಮಗಳನ್ನ ಸಾಲಿ ಬಸ್ಸಿಗೆ ಹತ್ತಿಸಿ, ಅತ್ತಿಯವರನ್ನ ನನ್ನ ಸ್ಕೂಟಿ ಹಿಂದ ಕುಂಡರಿಸಿಕೊಂಡು ಹೊಂಟೆ. ದಾರ್‍ಯಾಗ ಏನಂತ ಸಮಾಧಾನ ಮಾಡಲಿ ಅಂತ ವಿಚಾರ ಮಾಡಕೋತ ಗಾಡಿ ಹೊಡದೆ. ಟಿಕೋಟಾ ಇನ್ನೇನು ಬಂತು ಅನ್ನೂದ್ರಾಗ ಹೆಗಲ ಮ್ಯಾಲ ಕೈ ಇಟ್ರು.

"ಮನೀಗೆ ಬ್ಯಾಡ. ಘೋಣಸಗಿ ಕಡೆ ಹೊಳ್ಳಸು ಗಾಡಿ."

ಘೋಣಸಗಿಯೊಳಗ ನಮ್ಮ ದ್ರಾಕ್ಷಿ ತ್ವಾಟ. ನಮ್ಮಲ್ಲಿ ತೀರಿದವರನ್ನ ತಮ್ಮ ಹೊಲದಾಗ ಮಣ್ಣ ಮಾಡತಾರ, ಮಾವನೂ ಅಲ್ಲೇ ಬಾವಿ ಪಕ್ಕದಾಗ ಅದಾರ. ಬಿಸಲು ಇನ್ನೂ ಇತ್ತು. ಅತ್ತಿ ಚಪ್ಪಲಿ ಬಿಟ್ಟು ಹೋಗಿ ಗದ್ದಿಗಿ ಕಟ್ಟಿಗೆ ಆತುಕೊಂಡು ಕುಂತ್ರು. ನಾನು ನಾಕ ಹೆಜ್ಜಿ ಹಿಂದ ನಿಂತೆ.

"ಅಷ್ಟು ಮಂದಿ ಮುಂದ ಹೆಂಗ ಹೇಳಲಿ ಬೇ?" ಅಂದ್ರು ನನ್ನ ಕಡೆ ತಿರುಗಲಾರದ. "ಮೊದಲ ಇವರು ಕೇಳಬೇಕಲ್ಲ. ಕೇಳಿದವರು ಇವರು."

ಸೆರಗು ಸರಿ ಮಾಡಿಕೊಂಡು, ಕ್ಲಾಸಿನ್ಯಾಗ ನಿಂತಂಗ ಎದ್ದು ನೆಟ್ಟಗ ನಿಂತ್ರು. "ಮೊಂ ಮಾರಿ ಸಾಪೆಲ್ ಸೋಮಲಿಂಗ" ಅಂದ್ರು. ಒಂದ ಉಸರಿನ್ಯಾಗ, ತಡವರಿಸಲಿಲ್ಲ. ಆಮ್ಯಾಲ ಮುಂದಿನ ಫ್ರೆಂಚೆಲ್ಲಾ ಬಿಟ್ಟು, ಬರೇ ಹೆಸರು ಹಿಡದು ಕರದ್ರು.

"ಸೋಮಲಿಂಗಾ..."

ನನಗ ಅಳು ತಡಿಯಾಕ ಆಗಲಿಲ್ಲ. ಅತ್ತಿ ಬಗ್ಗಿ ಕಟ್ಟಿ ಮ್ಯಾಲ ಕೈ ಇಟ್ಟು, ಮಲಗಿದವರನ್ನ ಎಬ್ಬಿಸಿದಂಗ ಮೆಲ್ಲಕ ತಟ್ಟಿದ್ರು.

"ಕೇಳಿಸ್ತೇನ್ರಿ? ತಡಾ ಮಾಡಿದ್ನಿ, ಸಿಟ್ಟಾಗಬ್ಯಾಡ್ರಿ."